ಮಧ್ಯಾಹ್ನ ಬಾಡುವ ಕೊಕ್ಕೊ, ಬೆಳಿಗ್ಗೆ ಹೇಳುವ ಸತ್ಯ

ಮಾರ್ಚ್ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರದ್ದು ಒಂದೇ ಪ್ರಶ್ನೆ: "ನಿನ್ನೆಯಷ್ಟೇ ನೀರು ಬಿಟ್ಟಿದ್ದೇನೆ, ಆದರೂ ಮಧ್ಯಾಹ್ನ ಕೊಕ್ಕೊ ಎಲೆ ಜೋತು ಬೀಳ್ತದೆ. ಇನ್ನೊಮ್ಮೆ ಬಿಡ್ಬೇಕಾ?" ಹೆಚ್ಚಿನ ಸಲ ನಾನು ಬೇಡ ಎನ್ನುತ್ತೇನೆ.

ಎಲೆಗೆ ಆಹಾರ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಬರಲು ಪತ್ರರಂಧ್ರ, ಅಂದರೆ ಎಲೆಯ ಮೇಲಿನ ಸೂಕ್ಷ್ಮ ತೂತು, ತೆರೆಯಲೇಬೇಕು. ತೆರೆದ ಕೂಡಲೇ ಒಳಗಿನ ತೇವ ಆವಿಯಾಗಿ ಹೊರಟುಬಿಡುತ್ತದೆ. ಒಂದು ಅಣು ಇಂಗಾಲದ ಡೈಆಕ್ಸೈಡಿಗೆ ನೂರಾರು ಅಣು ನೀರು ತೆರಬೇಕು. ಎಷ್ಟು ದುಬಾರಿ ವ್ಯಾಪಾರ ನೋಡಿ!

ಕೊಕ್ಕೊ ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಿ. ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಕಿತ್ತು ಮೈಕ್ರೋಸ್ಕೋಪಿನ ಕೆಳಗಿಡಿ. ಪ್ರತಿ ರಂಧ್ರದ ಎರಡು ಬದಿಗೂ ತುಟಿಗಳಂತೆ ಕಾವಲುಕೋಶಗಳು ಕಾಣುತ್ತವೆ. ಎಲೆಯ ಮೇಲ್ಭಾಗದ ಅಚ್ಚಿನಲ್ಲಿ ಹುಡುಕಿದರೂ ಸಿಗವು. ಕೊಕ್ಕೊಗೆ ರಂಧ್ರಗಳಿರುವುದು ಅಡಿಯಲ್ಲಿ ಮಾತ್ರ.

ಬೆಳಗಿನ ಬೆಳಕು ಬಿದ್ದಾಗ ಈ ಕೋಶಗಳು ಪೊಟ್ಯಾಸಿಯಂ ಒಳಗೆಳೆದುಕೊಳ್ಳುತ್ತವೆ. ಅದರ ಬೆನ್ನಿಗೇ ನೀರೂ ನುಗ್ಗಿ, ಕೋಶಗಳು ಉಬ್ಬಿ ಬಾಗಿ, ನಡುವೆ ರಂಧ್ರ ತೆರೆಯುತ್ತದೆ. ಮಣ್ಣು ಒಣಗಿದರೆ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಪೊಟ್ಯಾಸಿಯಂ ಹೊರಗೆ ಹೋಗಿ, ರಂಧ್ರ ಮುಚ್ಚುತ್ತದೆ. ಗುಡ್ಡದ ಅನಾನಸಿನದ್ದು ಬೇರೆಯೇ ದಾರಿ: ರಾತ್ರಿ ತೆರೆದು ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬಿಸಿಲಿನ ಹೊತ್ತು ಬಹುಪಾಲು ಮುಚ್ಚಿಕೊಂಡೇ ಇರುತ್ತದೆ.

ಆದರೆ ಮಣ್ಣಿನಲ್ಲಿ ನೀರಿದ್ದೂ ಎಲೆ ಬಾಡುವುದುಂಟು, ಕಾರಣ ಒಣ ಗಾಳಿ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿದೀತು, 35 ಡಿಗ್ರಿಗೆ ಸುಮಾರು 40 ಗ್ರಾಂ. ಅಷ್ಟು ಬಾಯಾರಿದ ಗಾಳಿ ಎಳೆಯುವ ವೇಗಕ್ಕೆ ಬೇರು ಒದಗಿಸಲಾರದು. ಎಲೆ ಜೋಲುತ್ತದೆ, ರಂಧ್ರ ಕಿರಿದಾಗುತ್ತದೆ. ಆಗ ಬುಡಕ್ಕೆ ಇನ್ನಷ್ಟು ನೀರು ಸುರಿದರೆ ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರು ಖಾಲಿಯಾಗುವುದೇ ಲಾಭ.

ಹಾಗಾಗಿ ಎಲೆಯನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ. ಚೇತರಿಸಿಕೊಂಡಿದ್ದರೆ ಕಾಯಬಹುದು, ಆಗಲೂ ಜೋತೇ ಇದ್ದರೆ ಬುಡದ ಮಣ್ಣು ಕೆದಕಿ ನೋಡಿ, ಒಣಗಿದ್ದರೆ ತಡಮಾಡದೆ ನೀರು ಬಿಡಿ. ಬುಡಕ್ಕೆ ಸೋಗೆ ಮುಚ್ಚಿಗೆ ದಪ್ಪಗೇ ಇರಲಿ.

ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಗೊಬ್ಬರದ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ. ನಮ್ಮ ಮುರಮಣ್ಣಿನಿಂದ ಮಳೆಗಾಲದಲ್ಲಿ ಅದು ತೊಳೆದುಹೋಗುತ್ತದೆ, ಕೊರತೆಯಾದರೆ ರಂಧ್ರಗಳ ಹಿಡಿತವೇ ತಪ್ಪುತ್ತದೆ. ಕೊಕ್ಕೊ ಜೊತೆಗಿರುವ, ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಶಿಫಾರಸು, ಅಂದರೆ ಅಂಗಡಿಯಲ್ಲಿ ಸಿಗುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಸುಮಾರು 235 ಗ್ರಾಂ. ಯೂರಿಯಾ ಮಾತ್ರ ಹಾಕಿ ಇದನ್ನು ಬಿಡುವವರು ಈ ಸೆಪ್ಟೆಂಬರಿನಲ್ಲಾದರೂ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಕೊಡಿ.