ಬಲಗಡೆಯ ಕುರ್ಚಿಯ ಮಾತು

ನಮ್ಮ ಎದುರುಮನೆಯ ಹುಡುಗಿ ಏರ್‌ಬಸ್ ಎ320 ವಿಮಾನದ ಸಹಪೈಲಟ್ ಆಗಲು ತರಬೇತಿ ಪಡೆಯುತ್ತಿದ್ದಾಳೆ. ಸಿಮ್ಯುಲೇಟರ್ ಹತ್ತುವ ಮುನ್ನ ಮನೆಯಲ್ಲೇ ಅಭ್ಯಾಸ. ಗೋಡೆಗೆ ಕಾಕ್‌ಪಿಟ್ಟಿನ ದೊಡ್ಡ ಚಿತ್ರ ಅಂಟಿಸಿ, ಅದರೆದುರು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದಾಳೆ. ಬಲಗಡೆಯ ಕುರ್ಚಿಯ ಕೈಗೆ ಮರದ ಸೌಟೊಂದನ್ನು ನೆಟ್ಟಗೆ ಕಟ್ಟಿ, ಅದರ ತುದಿಗೆ ಒಂದು ಕೆಂಪು ಬಿಂದಿ ಅಂಟಿಸಿದ್ದಾಳೆ. ಸೌಟು ಎಂದರೆ ವಿಮಾನವನ್ನು ಏರಿಸಿ ಇಳಿಸಿ ವಾಲಿಸುವ ಸೈಡ್‌ಸ್ಟಿಕ್. ಬಿಂದಿ ಅದರ ಮೇಲಿನ ಕೆಂಪು ಗುಂಡಿ. ಮೊನ್ನೆ ಭಾನುವಾರ ಎಡಗಡೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಹೇಳಿದಳು: “ನೀವು ಕ್ಯಾಪ್ಟನ್. ಬೇಕೆಂದೇ ತಪ್ಪು ಮಾಡಿ. ನಾನು ಹೇಳಿದರೂ ಕೇಳಬೇಡಿ.”

ಸಹಪೈಲಟ್ ಎಂದರೆ ಇನ್ನೂ ಕಲಿಯುತ್ತಿರುವವರು, ಕ್ಯಾಪ್ಟನ್ನಿಗೆ ಏನಾದರೂ ಆದರೆ ಇರಲಿ ಎಂದು ಕೂರಿಸಿದವರು ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳುತ್ತೇನೆ. ಆಟೋಪೈಲಟ್ ಇರುವಾಗ ಇಬ್ಬರೇಕೆ ಎಂದು ಕೇಳುವವರೂ ಇದ್ದಾರೆ. ವಾಸ್ತವದಲ್ಲಿ ಒಂದು ಹಾರಾಟದಲ್ಲಿ ಕ್ಯಾಪ್ಟನ್ ವಿಮಾನ ನಡೆಸಿದರೆ, ಮುಂದಿನದರಲ್ಲಿ ಸಾಮಾನ್ಯವಾಗಿ ಸಹಪೈಲಟ್ ನಡೆಸುತ್ತಾರೆ. ಆಗ ಇನ್ನೊಬ್ಬರ ಕೆಲಸ ನಿಗಾ ಇಡುವುದು. ಹಿಂದೆ ಆ ಇನ್ನೊಬ್ಬರನ್ನು ‘ಹಾರಿಸದ ಪೈಲಟ್’ ಎನ್ನುತ್ತಿದ್ದರು. ಈಗಿನ ಹೆಸರು ‘ಮಾನಿಟರಿಂಗ್ ಪೈಲಟ್’. ಕೆಲಸವಿಲ್ಲದವರಂತೆ ಕೇಳಿಸುತ್ತಿದ್ದ ಹೆಸರು ಹೋಗಿ ಕೆಲಸವನ್ನೇ ಹೇಳುವ ಹೆಸರು ಬಂದಿದೆ.

ಈ ನಿಗಾ ಎಷ್ಟು ಬೆಲೆಯದು ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಪೈಲಟ್ 100 ಸಲಕ್ಕೆ ಒಂದು ಸಲ ಯಾವುದೋ ತಪ್ಪನ್ನು ಗಮನಿಸದೆ ಬಿಡುತ್ತಾನೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿರುವವನೂ ಅಷ್ಟೇ ಎಚ್ಚರದವನು. ಇಬ್ಬರ ಕಣ್ಣನ್ನೂ ಒಟ್ಟಿಗೇ ತಪ್ಪಿಸಿಕೊಳ್ಳುವ ಸಂಭವ 10,000ಕ್ಕೆ ಒಂದು. ಒಬ್ಬನನ್ನು ಸೇರಿಸಿದ್ದಕ್ಕೆ ಸುರಕ್ಷತೆ ನೂರು ಪಟ್ಟು ಹೆಚ್ಚಿತು. ಆದರೆ ಈ ಗುಣಾಕಾರ ನಡೆಯಬೇಕಾದರೆ ಇಬ್ಬರೂ ಸ್ವತಂತ್ರವಾಗಿ ನೋಡಬೇಕು, ಕಂಡದ್ದನ್ನು ಹೇಳಬೇಕು. ಹಿರಿಯರು ತಪ್ಪಿದ ಹತ್ತು ಸಲದಲ್ಲಿ ಒಂಬತ್ತು ಸಲ ಕಿರಿಯನು “ಅವರಿಗೆ ಗೊತ್ತಿರುತ್ತದೆ ಬಿಡು” ಎಂದು ಸುಮ್ಮನಾದರೆ, ಅದೇ 10,000 ದಿಢೀರನೆ 111ಕ್ಕೆ ಕುಸಿಯುತ್ತದೆ. ಕುರ್ಚಿ ಎರಡು, ಸಂಬಳ ಎರಡು, ತಲೆ ಮಾತ್ರ ಹೆಚ್ಚುಕಡಿಮೆ ಒಂದೇ.

ಒಂದರ ಮುಳ್ಳು ನೋಡಿ ಇನ್ನೊಂದಕ್ಕೆ ಹೊತ್ತು ಕೂಡಿಸಿದ ಎರಡು ಗಡಿಯಾರಗಳು ಸರಿಯಾಗಿ ತಾಳೆಯಾದರೆ ಏನು ತಿಳಿಯಿತು? ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹುಡುಗನ ಉತ್ತರವೂ ಪಕ್ಕದವನದರಂತೆಯೇ ಇದ್ದರೆ ಅದು ಸರಿ ಎಂದು ಮೇಷ್ಟ್ರು ನಂಬುತ್ತಾರೆಯೇ? ಚಹಾ ಅಂಗಡಿಯಲ್ಲಿ ಕುಳಿತು ಮೊದಲೇ ಮಾತಾಡಿಕೊಂಡು ಬಂದ ಇಬ್ಬರು ಸಾಕ್ಷಿಗಳ ಹೇಳಿಕೆ ಒಂದೇ ಸಾಕ್ಷಿಯ ತೂಕದ್ದು. ಯಂತ್ರ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತು. ಎ320ಯಲ್ಲಿ ಗಾಳಿಯ ಒತ್ತಡದಿಂದ ವೇಗವನ್ನು ಅಳೆಯುವ ಪಿಟೋ ಕೊಳವೆಗಳು ಮೂರು ಇವೆ: ಕ್ಯಾಪ್ಟನ್ನಿಗೊಂದು, ಸಹಪೈಲಟ್ಟಿಗೊಂದು, ಮೀಸಲಿಗೊಂದು. ಒಂದೇ ಕೊಳವೆಯಿಂದ ಮೂರು ಮುಳ್ಳು ತಿರುಗಿಸುವುದು ಅಗ್ಗವಾಗುತ್ತಿತ್ತು, ಆದರೆ ಅದು ಕಟ್ಟಿಕೊಂಡರೆ ಮೂರೂ ಒಟ್ಟಿಗೆ ಸುಳ್ಳು ಹೇಳುತ್ತಿದ್ದವು. ಎಷ್ಟೋ ಕಂಪನಿಗಳಲ್ಲಿ ಇಬ್ಬರು ಪೈಲಟ್‌ಗಳು ಒಂದೇ ಊಟ ಮಾಡುವುದಿಲ್ಲ, ಕಾರಣ ಅದೇ. ಕೊಳವೆಯನ್ನೂ ಊಟವನ್ನೂ ಬೇರೆ ಮಾಡುವುದು ಸುಲಭ. ಇಪ್ಪತ್ತು ವರ್ಷದ ಅನುಭವಿಯ ಪಕ್ಕ ಕುಳಿತ ಇಪ್ಪತ್ತೆರಡರ ಹುಡುಗಿಯ ಮನಸ್ಸನ್ನು ಆ ಅನುಭವದ ನೆರಳಿನಿಂದ ಬೇರೆಯಾಗಿ ಇಡುವುದು ಕಷ್ಟ. ಬಹುಸಿಬ್ಬಂದಿ ವಿಮಾನದ ತರಬೇತಿ ಹೆಣಗುವುದೆಲ್ಲ ಇದಕ್ಕೇ.

ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ಕಂಪನಿಯ ಬೋಯಿಂಗ್ 747 ಅನುಮತಿಯಿಲ್ಲದೆ ರನ್‌ವೇಯಲ್ಲಿ ಓಡತೊಡಗಿತು. ಅದೇ ರನ್‌ವೇ ಮೇಲೆ ಪ್ಯಾನ್ ಆಮ್‌ನ ಇನ್ನೊಂದು 747 ಇತ್ತು. ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಮೂರನೆಯವನಾಗಿ ಕುಳಿತಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, “ಹಾಗಾದರೆ ಆ ಪ್ಯಾನ್ ಅಮೆರಿಕನ್ ಇನ್ನೂ ದಾರಿ ಬಿಟ್ಟಿಲ್ಲವೇ?” ಎಂದು ಕೇಳಿಯೂ ಕೇಳಿದ. ಕ್ಯಾಪ್ಟನ್ ಬಿಟ್ಟಿದೆ ಎಂದು ಒತ್ತಿ ಹೇಳಿದರು. ಅವರು ಕಂಪನಿಯಲ್ಲಿ ಇತರ ಪೈಲಟ್‌ಗಳಿಗೆ ಕಲಿಸುತ್ತಿದ್ದ ಹಿರಿಯರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಸತ್ತವರು 583. ಮರುವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಕಂಪನಿಯ ಡಿಸಿ-8 ಚಕ್ರದ ತೊಂದರೆಯನ್ನು ನೋಡಿಕೊಳ್ಳುತ್ತ ಸುಮಾರು ಒಂದು ಗಂಟೆ ಸುತ್ತಿ, ಇಂಧನ ತೀರಿ ಬಿದ್ದಿತು. ಇಂಧನ ಇಳಿಯುತ್ತಿದ್ದುದು ಕಿರಿಯರಿಗೆ ಗೊತ್ತಿತ್ತು, ಗಟ್ಟಿಯಾಗಿ ಹೇಳಲಿಲ್ಲ. 1979ರಲ್ಲಿ ನಾಸಾ ಈ ಸಮಸ್ಯೆಯ ಬಗ್ಗೆಯೇ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ಪಾಠ ಶುರುಮಾಡಿತು. ಇಂದು ಲೋಕದ ಎಲ್ಲ ಕಡೆ ಅದಕ್ಕೆ ಸಿಆರ್‌ಎಂ (ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂದು ಹೆಸರು, ಅಂದರೆ ಸಿಬ್ಬಂದಿಯೆಲ್ಲ ಕೂಡಿ ಕೆಲಸ ಮಾಡುವ ಪಾಠ.

ನಮಗೆ ಇದು ದೂರದ ಕತೆಯಲ್ಲ. 2010ರ ಮೇ 22ರ ಬೆಳಗಿನ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು 8. ಗ್ರಹಚಾರ ಎಂದರು, ಹಣೆಬರಹ ಎಂದರು. ಹಾಗೆ ಹೇಳಿದವರ ದುಃಖವನ್ನು ನಾನು ಗೌರವಿಸುತ್ತೇನೆ, ಆದರೆ ಆ ಮಾತು ತನಿಖಾ ವರದಿಯನ್ನು ಬಿಚ್ಚುವ ಮೊದಲೇ ಮುಚ್ಚಿಸಿಬಿಡುತ್ತದೆ. ಕಾಕ್‌ಪಿಟ್ಟಿನ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಪೈಲಟ್‌ಗಳ ನಡುವೆ ಮಾತಿಲ್ಲ. ಕ್ಯಾಪ್ಟನ್ನರ ಗೊರಕೆ ಕೇಳಿಸುತ್ತದೆ. ಎದ್ದ ಮಂಪರಿನಲ್ಲೇ ಅವರು ಇಳಿಸಲು ಹೊರಟಾಗ ವಿಮಾನ ಇರಬೇಕಾದ ಎತ್ತರದ ಸುಮಾರು ಎರಡರಷ್ಟರಲ್ಲಿತ್ತು. ಸಹಪೈಲಟ್ ಮೂರು ಸಲ “ಗೋ ಅರೌಂಡ್” ಎಂದರು, ಅಂದರೆ ಇಳಿಸಬೇಡಿ, ಮೇಲೇರಿ ಸುತ್ತಿ ಬನ್ನಿ. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ತಾಗಿತು. ಬಲಗಡೆಯವರ ಕಣ್ಣು ಸರಿಯಾಗಿಯೇ ಕಂಡಿತ್ತು, ಬಾಯಿಯೂ ಹೇಳಿತ್ತು. ಕೈ ಮಾತ್ರ ಮುಂದೆ ಬರಲಿಲ್ಲ. ಗೋ ಅರೌಂಡ್ ಮಾಡಲು ಸಹಪೈಲಟ್‌ಗೆ ಅಧಿಕಾರ ಕೊಡುವ ಸೂಚನೆಗಳೇ ಆಗ ಗೊಂದಲವಾಗಿದ್ದವು ಎಂದು ವರದಿ ಹೇಳುತ್ತದೆ. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಆ ಸಹಪೈಲಟ್ಟನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ. ಅಂದರೆ ಸಣ್ಣ ವಿಮಾನದಲ್ಲಿ ತಾನೇ ನೋಡಿ ತಾನೇ ತೀರ್ಮಾನಿಸುವ ಅಭ್ಯಾಸವನ್ನು ಮೈಗೂಡಿಸಿಕೊಂಡು, ಆಮೇಲೆ ಇಬ್ಬರು ಹಂಚಿಕೊಳ್ಳುವ ಕಾಕ್‌ಪಿಟ್ಟಿಗೆ ಬರುವುದು. ಒಂಟಿ ಎತ್ತಿನ ಗಾಡಿಗೆ ಪಳಗಿಸಿದ ಎತ್ತನ್ನು ಜೋಡಿ ನೊಗಕ್ಕೆ ಹೂಡಿದ ಹಾಗೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2006ರಲ್ಲಿ ಬಹುಸಿಬ್ಬಂದಿ ಪೈಲಟ್ ಲೈಸೆನ್ಸ್ ಎಂಬ ಬೇರೆ ದಾರಿಯನ್ನೇ ತೆರೆಯಿತು. ಅಲ್ಲಿ ಕನಿಷ್ಠ 240 ಗಂಟೆಯ ತರಬೇತಿ, ಬಹುಪಾಲು ಸಿಮ್ಯುಲೇಟರ್‌ನಲ್ಲಿ, ಮೊದಲಿನಿಂದಲೂ ಇಬ್ಬರಾಗಿ ದುಡಿಯುವುದರ ಮೇಲೆ ಕಣ್ಣಿಟ್ಟು. ನನಗೆ ಈ ಯೋಚನೆ ಹಿಡಿಸುತ್ತದೆ, ಒಂಟಿ ಹಾರಾಟದ ಎದೆಗಾರಿಕೆ ಕಡಿಮೆಯಾಗುತ್ತದೆ ಎನ್ನುವವರ ಆತಂಕ ಸುಳ್ಳಲ್ಲದಿದ್ದರೂ.

ಇನ್ನು ಮಾತಿನ ವಿಷಯ. ಹಿರಿಯರಿಗೆ ತಪ್ಪು ತೋರಿಸಬೇಕಾದಾಗ ನಾವು ಕನ್ನಡಿಗರು ಎಷ್ಟು ಸುತ್ತಿ ಬಳಸುತ್ತೇವೆ! “ಸ್ವಲ್ಪ ಎತ್ತರ ಜಾಸ್ತಿ ಇದ್ದ ಹಾಗಿದೆ ಅಲ್ಲವೇ ಸರ್” ಎನ್ನುವುದರೊಳಗೆ ವಿಮಾನ ಅರ್ಧ ಮೈಲಿ ಹೋಗಿರುತ್ತದೆ. ಅದಕ್ಕೇ ಕಾಕ್‌ಪಿಟ್ಟಿನಲ್ಲಿ ವಿನಯಕ್ಕೂ ಕೋಪಕ್ಕೂ ಜಾಗವಿಲ್ಲದ ಸಿದ್ಧಪದಗಳಿವೆ: “ಸ್ಪೀಡ್” (ವೇಗ ನೋಡಿ), “ಸಿಂಕ್ ರೇಟ್” (ತೀರಾ ಬೇಗ ಇಳಿಯುತ್ತಿದ್ದೇವೆ), “ಅನ್‌ಸ್ಟೇಬಲ್, ಗೋ ಅರೌಂಡ್” (ಇಳಿಯುವಿಕೆ ಹದದಲ್ಲಿಲ್ಲ, ಮೇಲೇರಿ). ಪದ ಮೊದಲೇ ಗೊತ್ತುಮಾಡಿದ್ದು, ಆಡಬೇಕಾದ ಹೊತ್ತೂ ಮೊದಲೇ ಗೊತ್ತುಮಾಡಿದ್ದು. ಹಾಗಾಗಿ ಅದನ್ನು ಆಡುವುದಕ್ಕೆ ಧೈರ್ಯ ಕೂಡಿಸಿಕೊಳ್ಳಬೇಕಿಲ್ಲ, ಆಡದೆ ಇದ್ದರೇ ತಪ್ಪು. ಎರಡು ಸಲ ಕೂಗಿ ಹೇಳಿದರೂ ಇನ್ನೊಬ್ಬರಿಂದ ಸರಿಯಾದ ಉತ್ತರ ಬಾರದಿದ್ದರೆ, ಅವರು ಎಚ್ಚರ ತಪ್ಪಿದ್ದಾರೆ ಎಂದೇ ಎಣಿಸಿ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು.

ಭಾನುವಾರ ನಾನು ಗೋಡೆಯ ಚಿತ್ರದ ಮೇಲೆ ಕಣ್ಣು ನೆಟ್ಟು ಕುಳಿತೆ. 1,000 ಅಡಿ ಎಂದು ಅವಳ ತಮ್ಮ ಹಿಂದಿನಿಂದ ಕೂಗಿದ. “ಅನ್‌ಸ್ಟೇಬಲ್, ಗೋ ಅರೌಂಡ್” ಎಂದಳು. ನಾನು ಸುಮ್ಮನಿದ್ದೆ. ಮತ್ತೆ ಅಂದಳು, ಅದೇ ದನಿ, ಒಂದಿಷ್ಟೂ ಏರಲಿಲ್ಲ. “ನೋಡೋಣ ಇರಮ್ಮ, ಇಳಿಸಿಬಿಡೋಣ” ಎಂದೆ. ಅವಳ ಕೈ ಸೌಟನ್ನು ಹಿಡಿಯಿತು, ಹೆಬ್ಬೆರಳು ಕೆಂಪು ಬಿಂದಿಯನ್ನು ಒತ್ತಿತು. ನಿಜದ ವಿಮಾನದಲ್ಲಿ ಆ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಎಡಗಡೆಯ ಸ್ಟಿಕ್ ಎಷ್ಟು ಎಳೆದರೂ ಕೆಲಸ ಮಾಡುವುದಿಲ್ಲ.

“ಐ ಹ್ಯಾವ್ ಕಂಟ್ರೋಲ್” ಎಂದಳು.

ನಾನು ನನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ.