ಸವೆದ ರೋಮನ್ ನಾಣ್ಯ ಯಾರದ್ದು ಅಂತ ಕಂಡುಹಿಡಿಯೋದು ಹೇಗೆ?

ಓದುಗರ ಪ್ರಶ್ನೆ: ಜರ್ಮನಿಲಿದ್ದಾಗ ಒಂದಷ್ಟು ಹಳೇ ರೋಮನ್ ತಾಮ್ರದ ನಾಣ್ಯಗಳನ್ನ ಲಾಟ್‌ನಲ್ಲಿ ತಗೊಂಡಿದ್ದೆ, ಎಲ್ಲಾ ಸವೆದುಹೋಗಿವೆ. ಒಂದರಲ್ಲಿ ಮಾತ್ರ "ಕಾನ್‌ಸ್ಟಾನ್" ತನಕ ಅಕ್ಷರ ಓದಕ್ಕಾಗತ್ತೆ, ಹಿಂದೆ ಇಬ್ರು ನಿಂತಿರೋ ಥರ ಇದೆ. ಇದು ಕಾನ್‌ಸ್ಟಂಟೈನ್ ಚಕ್ರವರ್ತಿದೇ ಅಲ್ವಾ?

ಇರಬಹುದು, ಆದ್ರೆ ಆ ಅಕ್ಷರ ನಂಬ್ಕೊಂಡು ಹಾಗೆ ಹೇಳಕ್ಕಾಗಲ್ಲ. ಕಾನ್‌ಸ್ಟಂಟೈನ್ ತನ್ನ ಮೂರು ಮಕ್ಕಳಿಗೆ ಇಟ್ಟ ಹೆಸರು ನೋಡಿ, ಕಾನ್‌ಸ್ಟಂಟೈನ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್, ಅಪ್ಪನೂ ಸೇರಿ ನಾಲ್ಕೂ ಜನರದ್ದು ನಿಮಗೆ ಕಾಣ್ತಿರೋ ಅಕ್ಷರದಿಂದಾನೇ ಶುರು (ಮಕ್ಕಳಿಗೆ ಹೆಸರಿಡುವಾಗ ಮುಂದೆ ನಾಣ್ಯ ಕೂಡಿಡೋರ ಕಷ್ಟ ಯಾರು ಯೋಚಿಸ್ತಾರೆ). ಮುಖ ನೋಡಿ ಹೇಳೋಣ ಅಂದ್ರೆ ನಾಲ್ಕನೇ ಶತಮಾನದಲ್ಲಿ ಎಲ್ರಿಗೂ ಹೆಚ್ಚುಕಮ್ಮಿ ಒಂದೇ ಮುಖ ಕೆತ್ತಿಬಿಟ್ಟಿದಾರೆ. ಅದಕ್ಕೇ ಸವೆದ ನಾಣ್ಯದಲ್ಲಿ ರಾಜನ ಹೆಸರು ಕಟ್ಟಕಡೆಗೆ ಹುಡುಕಬೇಕು, ಮೊದಲು ಹಿಂಬದಿ ನೋಡಿ.

ರೂಮ್ ಲೈಟ್ ಆಫ್ ಮಾಡಿ, ಮೊಬೈಲ್ ಟಾರ್ಚನ್ನ ನಾಣ್ಯದ ಪಕ್ಕದಿಂದ ಆದಷ್ಟು ತಗ್ಗಿಸಿ ಹಿಡಿದು ನಾಣ್ಯಾನ ನಿಧಾನಕ್ಕೆ ತಿರುಗಿಸ್ತಾ ಹೋಗಿ, ಮೇಲಿನಿಂದ ಬೆಳಕು ಬಿಟ್ರೆ ಚಪ್ಪಟೆಯಾಗಿ ಕಾಣೋದು ಪಕ್ಕದ ಬೆಳಕಲ್ಲಿ ನೆರಳು ಬಿದ್ದು ಎದ್ದು ಬರತ್ತೆ. ನಿಮ್ಮ ಆ ಇಬ್ರು ಈಟಿ ಹಿಡಿದಿರೋ ಸೈನಿಕರು ಅನ್ಸತ್ತೆ. ಅವರ ಮಧ್ಯೆ ನೋಡಿ, ಸೈನ್ಯದ ಧ್ವಜದ ಕಂಬ ಇರತ್ತೆ. ಎರಡು ಕಂಬ ಇದ್ರೆ ಸುಮಾರು 330ರಿಂದ 335, ಒಂದೇ ಕಂಬ ಇದ್ರೆ ಸುಮಾರು 335ರಿಂದ 341. ಒಂದಕ್ಷರ ಓದದೇನೇ ಐದಾರು ವರ್ಷದ ಒಳಗೆ ಬಂದುಬಿಟ್ವಿ! ಎರಡು ಕಂಬದ್ದು ಸ್ವಲ್ಪ ದೊಡ್ಡದು, ಎರಡೂವರೆ ಗ್ರಾಂ ಆಸುಪಾಸು, ಒಂದು ಕಂಬದ್ದು ಒಂದೂವರೆ ಗ್ರಾಂ ಆಸುಪಾಸು, ಆದ್ರೆ ಸವೆದಾಗ ತೂಕಾನೂ ಇಳಿದಿರತ್ತೆ, ತೂಕ ಒಂದನ್ನೇ ನಂಬಬೇಡಿ.

ಈಗ ಹೆಸರಿಗೆ ಬನ್ನಿ. ಹೆಸರಾದ್ಮೇಲೆ, ತಲೆಯ ಬಲಗಡೆ ಬರಹದ ಕೊನೇಲಿ ಏನಿದೆ? "ಎ ವಿ ಜಿ" ಇದ್ರೆ ಅಗಸ್ಟಸ್ ಅಂದ್ರೆ ಪೂರ್ಣ ಚಕ್ರವರ್ತಿ, "ಎನ್ ಒ ಬಿ ಸಿ" ಥರ ಇದ್ರೆ ಸೀಸರ್, ಅಂದ್ರೆ ಯುವರಾಜ. ಅಪ್ಪ ಸತ್ತಿದ್ದು 337 ಮೇನಲ್ಲಿ, ಮೂರೂ ಮಕ್ಕಳು ಅಗಸ್ಟಸ್ ಆಗಿದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಎರಡು ಕಂಬ ಇದ್ದು "ಎ ವಿ ಜಿ" ಇದ್ರೆ ಅಪ್ಪಂದೇ ಅನ್ನಬಹುದು. ಒಂದು ಕಂಬ ಇದ್ದು "ಎ ವಿ ಜಿ" ಇದ್ರೆ ನಾಲ್ಕೂ ಜನ ಮತ್ತೆ ವಾಪಸ್ ಬಂದ್ರು.

ಹಿಂಬದಿಯ ಕೆಳಗಡೆ ಗೆರೆಯ ಅಡಿ ಟಂಕಸಾಲೆ ಗುರುತಿರತ್ತೆ. "ಎಸ್ ಎಂ ಎ ಎನ್" ಅಂದ್ರೆ ಆಂಟಿಯೋಕ್, "ಎಸ್ ಎಂ ಕೆ" ಅಂದ್ರೆ ಸಿಝಿಕಸ್, ಎರಡೂ ಈಗಿನ ಟರ್ಕಿಲಿವೆ. "ಕಾನ್ಸ್" ಅಂತ ಕಂಡ ತಕ್ಷಣ ಕಾನ್‌ಸ್ಟಾಂಟಿನೋಪಲ್ ಅಂದ್ಕೋಬೇಡಿ, "ಕಾನ್ಸ್‌ಟ್" ಅಂತ ಮುಂದೆ ಒಂದು ಟಿ ಇದ್ರೆ ಅದು ಫ್ರಾನ್ಸಿನ ಆರ್ಲ್, ಆ ಊರಿಗೂ ಆಗ ಕಾನ್‌ಸ್ಟಾಂಟಿನಾ ಅಂತ ಹೆಸರಿಟ್ಟಿದ್ರು.

ಲಾಟ್‌ನಲ್ಲಿರೋ ಬೇರೆ ನಾಣ್ಯಗಳಲ್ಲಿ ಕುದುರೆಯಿಂದ ಬೀಳ್ತಿರೋ ಸವಾರ, ಅವನಿಗೆ ಈಟಿ ತಿವೀತಿರೋ ಸೈನಿಕ ಸಿಗೋ ಚಾನ್ಸ್ ತುಂಬಾ ಜಾಸ್ತಿ, ಎಷ್ಟೇ ಸವೆದಿದ್ರೂ ಬಗ್ಗಿ ನಿಂತ ಸೈನಿಕನ ಓರೆ ಗೆರೆ ಉಳ್ಕೊಂಡಿರತ್ತೆ. ಅದು 348ರಿಂದ 361, ಹೆಚ್ಚಿನವು ಆ ಮೂವರು ಮಕ್ಕಳಲ್ಲೊಬ್ಬನಾದ ಎರಡನೇ ಕಾನ್‌ಸ್ಟಾಂಟಿಯಸ್‌ದು, ಮುಂಬದಿಯ ತಲೆ ಮೇಲೆ ಏನೂ ಇಲ್ಲದೆ ಬರಿದಾಗಿದ್ರೆ ಅವನ ದಾಯಾದಿಗಳಾದ ಗಾಲಸ್ ಅಥವಾ ಜೂಲಿಯನ್ ಯುವರಾಜರಾಗಿದ್ದಾಗಿನದು. ತೋಳ, ಅದರ ಹೊಟ್ಟೆ ಕೆಳಗೆ ಎರಡು ಮಕ್ಕಳು ಕಂಡ್ರೆ ಅದು 330ರಲ್ಲಿ ಶುರುವಾದ ರೋಮ್ ನಗರದ ನಾಣ್ಯ, ಅದರ ಮುಂಬದಿಲಿ ರಾಜನೇ ಇಲ್ಲ, ಹೆಲ್ಮೆಟ್ ಹಾಕಿರೋ ರೋಮಾ ದೇವತೆ.

ಒಂದನೇ ಎರಡನೇ ಶತಮಾನದ ದೊಡ್ಡ ನಾಣ್ಯಗಳ ವಿಷ್ಯ ಬೇರೆ, ಅಲ್ಲಿ ಮುಖ ನಿಜಕ್ಕೂ ಮುಖಾನೇ. ನೀರೋನ ದಪ್ಪ ಕುತ್ತಿಗೆ, ಹೇಡ್ರಿಯನ್‌ನ ಗಡ್ಡ ಬರೀ ಆಕಾರದಲ್ಲೇ ಗೊತ್ತಾಗ್ತವೆ. ನಮ್ಮ ಚಂದ್ರವಳ್ಳಿ, ಯಶವಂತಪುರದಲ್ಲಿ ಸಿಕ್ಕಿದ್ದು ಆ ಹಳೇ ಕಾಲದ ಬೆಳ್ಳಿ ಡಿನೇರಿಯಸ್‌ಗಳು, ನಿಮ್ಮ ಥರದ ಸಣ್ಣ ಸವೆದ ತಾಮ್ರದವು ತಮಿಳುನಾಡಿನ ಮಧುರೈ, ಕರೂರ್ ಕಡೆ, ಶ್ರೀಲಂಕಾದಲ್ಲಿ ಸಿಕ್ಕಿವೆ.

ಒಂದು ಕೇಳ್ಕೋತೀನಿ, ದೇವರ ಪಾತ್ರೆ ತಿಕ್ಕೋ ಹಾಗೆ ಹುಣಸೆಹಣ್ಣು, ನಿಂಬೆಹುಳಿ ಹಾಕಿ ಉಜ್ಜಬೇಡಿ. ಉಳಿದಿರೋ ಚಿತ್ರ ಎಷ್ಟೋ ಸಲ ಆ ಹಸಿರು ಕಂದು ಪದರದಲ್ಲೇ ಇರತ್ತೆ, ಹುಳಿ ಬಿದ್ರೆ ಅದೂ ಹೋಯ್ತು. ಡಿಸ್ಟಿಲ್ಡ್ ವಾಟರ್‌ನಲ್ಲಿ ದಿನಗಟ್ಟಲೆ ನೆನೆಹಾಕಿ, ಮರದ ಟೂತ್‌ಪಿಕ್‌ನಲ್ಲಿ ಮಣ್ಣು ಬಿಡಿಸಿ, ಸಾಕು.

ಆಮೇಲೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಓಕ್ರೆ (OCRE) ಅನ್ನೋ ಫ್ರೀ ಡೇಟಾಬೇಸ್‌ನಲ್ಲಿ ರಾಜ, ಟಂಕಸಾಲೆ, ಹಿಂಬದಿ ಬರಹ ಹಾಕಿ ಹುಡುಕಿ ಫೋಟೋ ಜೊತೆ ತಾಳೆ ನೋಡಿ. ಅಷ್ಟಾದ್ರೂ ರಾಜ ಸಿಗಲಿಲ್ಲ ಅಂದ್ರೆ ಚೀಟಿ ಮೇಲೆ "ಕಾನ್‌ಸ್ಟಂಟೈನ್ ಮನೆತನ, ಇಬ್ಬರು ಸೈನಿಕರು, ಒಂದು ಧ್ವಜ, ಸು. 335-341" ಅಂತ ಬರೆದು ಕವರ್‌ಗೆ ಹಾಕಿ, ಮ್ಯೂಸಿಯಂನವರೂ ಇಂಥದ್ದಕ್ಕೆ ಹಾಗೇ ಬರೀತಾರೆ.