ವಿಮ್ ಕಲಿಯೋಕೆ ಬಾಣದ ಕೀ ಬಿಡಲೇಬೇಕಾ?

ಪ್ರಶ್ನೆ: ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ. ಮೌಸ್ ಮುಟ್ಟದೆ ಕೋಡ್ ಬರೆಯೋಕೆ ವಿಮ್, ನಿಯೋವಿಮ್, ಈಮ್ಯಾಕ್ಸ್ ಈ ಎಡಿಟರ್‌ಗಳಲ್ಲಿ ಯಾವುದು ಒಳ್ಳೇದು? ಕರ್ಸರ್ ಸರಿಸೋಕೆ ಬಾಣದ ಕೀ ಬಿಟ್ಟು ಎಚ್ (ಎಡ), ಜೆ (ಕೆಳಗೆ), ಕೆ (ಮೇಲೆ), ಎಲ್ (ಬಲ) ಅಭ್ಯಾಸ ಮಾಡ್ತಿದ್ದೀನಿ, ಆದ್ರೂ ವೇಗ ಬರ್ತಿಲ್ಲ.

ಮೊದಲರ್ಧದ ಉತ್ತರ ಚಿಕ್ಕದು. ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡೋ (ದೂರದಿಂದ ಟರ್ಮಿನಲ್‌ನಲ್ಲಿ ಲಾಗಿನ್ ಆಗೋ) ಕೆಲಸಕ್ಕೆ ಹೋಗೋರಿಗೆ ವಿಮ್, ಯಾಕಂದ್ರೆ ಅಲ್ಲಿ ಏನೂ ಹಾಕದೆ ಸಿಗೋದು ಸಾಮಾನ್ಯವಾಗಿ ವಿಮ್‌ನ ಮೂಲವಾದ ವಿಐ. ಸ್ವಂತ ಲ್ಯಾಪ್‌ಟಾಪಲ್ಲಿ ಕೋಡ್ ಸಲಹೆ, ತಪ್ಪಿನ ಗುರುತು ಎಲ್ಲಾ ಬೇಕಂದ್ರೆ ನಿಯೋವಿಮ್. ಆ ಸಲಹೆ ಕೊಡೋ ಪ್ರೋಗ್ರಾಂಗಳನ್ನು, ಸಿ ಭಾಷೆಗೆ ಕ್ಲ್ಯಾಂಗ್‌ಡಿ, ಪೈಥಾನ್‌ಗೆ ಪೈರೈಟ್, ಬೇರೆಯಾಗಿ ಹಾಕ್ಕೋಬೇಕು. ಕೋಡ್ ಜೊತೆ ಟಿಪ್ಪಣಿ, ಕನ್ನಡ ಬರಹವೂ ಒಂದೇ ಕಡೆ ಇರಲಿ ಅನ್ನೋರಿಗೆ ಈಮ್ಯಾಕ್ಸ್. ವಿಎಸ್ ಕೋಡ್ ಬಿಡೋಕೆ ಮನಸ್ಸಿಲ್ಲವಾ? ಅದಕ್ಕೇ ವಿಮ್ ಎಕ್ಸ್‌ಟೆನ್ಷನ್ ಹಾಕಿ, ಯಾರೂ ಅಂಕ ಕಳೆಯಲ್ಲ.

ಇನ್ನು ಎರಡನೇ ಅರ್ಧ. ಎಚ್, ಜೆ, ಕೆ, ಎಲ್ ಅಂದ್ರೆ ವೇಗಕ್ಕೆ ಅಂತಲೇ ಲೆಕ್ಕ ಹಾಕಿ ಮಾಡಿದ ವಿನ್ಯಾಸ, ಬಾಣದ ಕೀ ಒತ್ತೋರಿಗೆ ವಿಮ್ ಬರಲ್ಲ ಅನ್ನೋ ನಂಬಿಕೆ ಸಾಯೋದೇ ಇಲ್ಲ. ಯಾರದೋ ವಿಮ್‌ಆರ್‌ಸಿ (ವಿಮ್ ಸೆಟ್ಟಿಂಗ್ಸ್ ಫೈಲ್) ನಕಲು ಮಾಡಿ ನಾಲ್ಕೂ ಬಾಣ ಬಂದ್ ಮಾಡ್ಕೊಂಡು ಕೂರೋರು ಪ್ರತಿ ಬ್ಯಾಚಲ್ಲೂ ಸಿಗ್ತಾರೆ. 1976ರ ಸುಮಾರಿಗೆ ಬಿಲ್ ಜಾಯ್ ವಿಐ ಬರೆದದ್ದು ಎಡಿಎಂ-3ಎ ಟರ್ಮಿನಲ್ ಮೇಲೆ. ಅದರಲ್ಲಿ ಬೇರೆ ಬಾಣದ ಕೀಗಳೇ ಇರಲಿಲ್ಲ. ಬಾಣದ ಗುರುತು ಅಚ್ಚಾಗಿದ್ದದ್ದು ಈ ನಾಲ್ಕು ಅಕ್ಷರಗಳ ಮೇಲೆ. ಅಷ್ಟೇ ಕಥೆ. ಬರೆಯೋದು ಮುಗಿಸಿ ಹೊರಬರೋಕೆ ಒತ್ತೋ ಎಸ್ಕೇಪ್ ಕೀ ಕೂಡ ಅದರಲ್ಲಿ ಈಗಿನ ಟ್ಯಾಬ್ ಇರೋ ಜಾಗದಲ್ಲಿತ್ತು. ಈಗ ಮೂಲೆ ಸೇರಿದೆ, ಹಾಗಾಗಿ ಕ್ಯಾಪ್ಸ್ ಲಾಕನ್ನೇ ಎಸ್ಕೇಪ್ ಮಾಡ್ಕೊಳ್ಳಿ.

40 ಸಾಲು ಕೆಳಗಿಳಿಯೋಕೆ ಜೆ 40 ಸಲ ಒತ್ತಿದರೂ ಬಾಣ 40 ಸಲ ಒತ್ತಿದರೂ ಅಷ್ಟೇ. ಹಾಸನದಿಂದ ಸಕಲೇಶಪುರಕ್ಕೆ ನಡ್ಕೊಂಡು ಹೊರಟವನು ಯಾವ ಕಾಲು ಮೊದಲಿಡಲಿ ಅಂತ ಕೇಳಿದ ಹಾಗಾಯ್ತು. ಹೋಗಬೇಕಾದ ಪದದ ಮೂರಕ್ಷರ ಗೊತ್ತಿದ್ದರೆ ಸ್ಲ್ಯಾಶ್ ಒತ್ತಿ, ಅದನ್ನು ಬರೆದು ಎಂಟರ್ ಕೊಡಿ. ವೇರಿಯಬಲ್ ಮೇಲೆ ನಿಂತು ನಕ್ಷತ್ರ ಚಿಹ್ನೆ ಒತ್ತಿದರೆ ಅದರ ಮುಂದಿನ ಬಳಕೆ. ವಾಪಸ್ ಬರೋಕೆ ಕಂಟ್ರೋಲ್-ಓ. ಬ್ರಾಕೆಟ್ ಮೇಲೆ ಶೇಕಡಾ ಚಿಹ್ನೆ ಒತ್ತಿದರೆ ಅದರ ಜೋಡಿಗೆ ಜಿಗಿತ. ಪ್ರಿಂಟ್‌ಎಫ್ ಒಳಗಿನ ಸಂದೇಶ ಬದಲಿಸಬೇಕಾ? ಸಿ, ಐ, ಆಮೇಲೆ ಡಬಲ್ ಕೋಟ್ ಕೀ ಒತ್ತಿ: ಒಳಗಿದ್ದದ್ದು ಅಳಿಸಿಹೋಗಿ ಇನ್ಸರ್ಟ್ ಮೋಡ್ (ಅಕ್ಷರ ಬರೆಯೋ ಸ್ಥಿತಿ) ತೆರೆಯುತ್ತೆ. ಹೊಸದು ಬರೆದು ಎಸ್ಕೇಪ್. ಮುಂದಿನ ಪ್ರಿಂಟ್‌ಎಫ್‌ಗೆ ಹೋಗಿ ಬರೀ ಚುಕ್ಕಿ ಒತ್ತಿದರೆ ಅದೇ ಬದಲಾವಣೆ ಅಲ್ಲೂ ಆಗುತ್ತೆ.

ಬಾಣದ ಕೀ ನಿಜವಾಗಿ ಕೆಲಸ ಕೆಡಿಸೋದು ಇಲ್ಲೇ, ಇನ್ಸರ್ಟ್ ಮೋಡಲ್ಲಿ. ಬರೆಯೋ ಮಧ್ಯೆ ಬಾಣ ಒತ್ತಿದರೆ ವಿಮ್ ಆ ಬದಲಾವಣೆಯನ್ನು ಅಲ್ಲಿಗೆ ತುಂಡು ಮಾಡುತ್ತೆ. ಚುಕ್ಕಿ ಒತ್ತಿದಾಗ ಬಾಣದ ನಂತರ ಬರೆದದ್ದಷ್ಟೇ ಬರುತ್ತೆ. 'ಚುಕ್ಕಿ ಸರಿಯಾಗಿ ಕೆಲಸ ಮಾಡಲ್ಲ' ಅನ್ನೋ ದೂರಿನ ಮೂಲ ಹುಡುಕಿದರೆ ಬಹಳ ಸಲ ಸಿಗೋದು ಇದೇ. ನಾರ್ಮಲ್ ಮೋಡಲ್ಲಿ (ಕೀಗಳು ಅಕ್ಷರದ ಬದಲು ಆಜ್ಞೆಯಾಗೋ ಸ್ಥಿತಿ) ಒಂದೆರಡು ಸಾಲಿಗೆ ಬಾಣ ಒತ್ತಿ, ಏನೂ ಆಗಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಲ್ಲಿ ಕೆಲಸ ಮಾಡೋರಾದ್ರೂ ಕೇಳಬೇಕಿತ್ತು: ಕರೆಂಟ್ ಹೋದರೆ ಸೇವ್ ಮಾಡದ ಕೋಡ್ ಏನಾಗುತ್ತೆ? 200 ಅಕ್ಷರ ಒತ್ತಿದಾಗ, ಇಲ್ಲವೇ ನೀವು 4 ಸೆಕೆಂಡ್ ಕೈ ನಿಲ್ಲಿಸಿದಾಗ, ವಿಮ್ ಸ್ವಾಪ್ ಫೈಲ್ ಅನ್ನೋ ತಾತ್ಕಾಲಿಕ ಫೈಲ್‌ಗೆ ಬರೆದಿಡುತ್ತೆ. ಮತ್ತೆ ಅದೇ ಫೈಲ್ ತೆರೆದಾಗ ಇ325 ಅಂತ ಉದ್ದನೆ ಎಚ್ಚರಿಕೆ ಬರುತ್ತೆ. ಗಾಬರಿಯಾಗಿ ಡಿ ಒತ್ತಬೇಡಿ, ಸ್ವಾಪ್ ಅಳಿಸಿಹೋಗುತ್ತೆ. ಆರ್ ಒತ್ತಿ, ಬಂದದ್ದನ್ನು ನೋಡಿ, ಬೇರೆ ಹೆಸರಲ್ಲಿ ಸೇವ್ ಮಾಡಿ, ಮೂಲದ ಜೊತೆ ಡಿಫ್ ಹಾಕಿ (ವ್ಯತ್ಯಾಸ ಹೋಲಿಸಿ). ಆಮೇಲೆ ಹಳೇ ಸ್ವಾಪ್ ಫೈಲನ್ನು ನೀವೇ ಅಳಿಸಬೇಕು, ಇಲ್ಲದಿದ್ದರೆ ಪ್ರತಿ ಸಲವೂ ಅದೇ ಎಚ್ಚರಿಕೆ. ಆ ಫೈಲ್ ತೆರೆದ ವಿಮ್ ಪ್ರೋಸೆಸ್ ಇನ್ನೂ ನಡೀತಿದೆ ಅಂತ ಎಚ್ಚರಿಕೆಯಲ್ಲೇ ಇದ್ದರೆ ಮಾತ್ರ ಆರ್ ಬೇಡ: ಫೈಲ್ ಬೇರೆ ಟರ್ಮಿನಲ್‌ನಲ್ಲಿ ತೆರೆದೇ ಇದೆ, ಕ್ಯೂ ಒತ್ತಿ ಹೊರಬಂದು ಅದನ್ನು ಹುಡುಕಿ.